ಚಿತ್ರ ಬರೆದವರ ಹೆಸರೂ ಚಿತ್ರದ ಬೆಲೆಯೂ



ನಮ್ಮ ಬಿಂಡಿಗನವಿಲೆಯ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ಸಂತೆ ಎಂದರೇನೆಂದು ಹೇಳಿಕೊಡಬೇಕಾಗಿಲ್ಲ. ರಾಗಿ, ಹುರುಳಿ, ತೆಂಗಿನಕಾಯಿ, ಮಡಕೆ, ಹಗ್ಗ, ಕುರಿ, ಕೋಳಿ ಎಲ್ಲವನ್ನೂ ಬೆಳೆದವನೇ, ಮಾಡಿದವನೇ ಹೊತ್ತು ತಂದು, ಗೋಣಿತಾಟಿನ ಮೇಲೆ ಹರಡಿಕೊಂಡು, ಕೊಳ್ಳುವವನ ಮುಖ ನೋಡಿ ಬೆಲೆ ಹೇಳುವ ಸ್ಥಳವದು. ಅಜ್ಜನ ಕೈಹಿಡಿದು ಸಂತೆ ಸುತ್ತಿದ ದಿನಗಳಲ್ಲಿ ನಾನು ಅಲ್ಲಿ ಎಲ್ಲವನ್ನೂ ಕಂಡಿದ್ದೇನೆ, ಚಿತ್ರ ಮಾರುವವನೊಬ್ಬನನ್ನು ಬಿಟ್ಟು. ಚಿತ್ರವೆಂದರೆ ನಮಗೆ ಮೇಲುಕೋಟೆಯ ವೈರಮುಡಿ ಜಾತ್ರೆಯಲ್ಲಿ ಕಟ್ಟು ಹಾಕಿಸಿ ಮಾರುತ್ತಿದ್ದ ಅಚ್ಚಿನ ದೇವರಪಟ. ಅದನ್ನು ಬರೆದವರು ಯಾರು ಎಂದು ಕೇಳಬೇಕೆಂದು ನನಗಾಗಲಿ ಅಜ್ಜನಿಗಾಗಲಿ ತೋರಿದ್ದಿಲ್ಲ.

೨೦೨೪ರ ಡಿಸೆಂಬರ್ ಕೊನೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿ, “ಸಾರ್, ಜನವರಿ ಐದಕ್ಕೆ ಬೆಂಗಳೂರಿಗೆ ಬರ್ಬೇಕು. ಚಿತ್ರಸಂತೇಲಿ ನಂಗೂ ಜಾಗ ಸಿಕ್ಕದೆ” ಎಂದ. ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ೧೯೯೪ರಲ್ಲಿ ಎಸ್ಸೆಸ್ಸೆಲ್ಸಿಯಲ್ಲಿದ್ದವರು ಊಹಿಸಬಲ್ಲಿರಿ. ಇತಿಹಾಸದ ಪಾಠ ನಡೆಯುವಾಗ ಪುಸ್ತಕದ ಅಂಚಿನಲ್ಲೆಲ್ಲ ಕುದುರೆಗಳನ್ನು ಬರೆಯುತ್ತಿದ್ದ ಹುಡುಗ. ಒಂದು ದಿನ ಅವನನ್ನು ಎಬ್ಬಿಸಿ ನಿಲ್ಲಿಸಿ, “ಚಿತ್ರ ಬರೆದು ಹೊಟ್ಟೆ ತುಂಬೀತೇನೋ?” ಎಂದು ಇಡೀ ತರಗತಿಯ ಮುಂದೆ ಕೇಳಿದ್ದೆ. ಎಲ್ಲರೂ ನಕ್ಕಿದ್ದರು. ಅವನೂ ನಕ್ಕಿದ್ದ. ಮೂವತ್ತು ವರ್ಷಗಳ ಮೇಲೆ ಅವನು ನನ್ನನ್ನು ಕರೆಯುತ್ತಿದ್ದಾನೆಂದಾಗ, ಕೇಳಿದ ಪ್ರಶ್ನೆಗೆ ನಾನೇ ಉತ್ತರ ಹುಡುಕಬೇಕೆನಿಸಿತು. ಇತಿಹಾಸದ ಮೇಷ್ಟ್ರಾದ ನನಗೆ ಗೊತ್ತಿರುವ ದಾರಿ ಒಂದೇ, ಹಿಂದಕ್ಕೆ ಹೋಗಿ ನೋಡುವುದು.

ನಮ್ಮ ಜಿಲ್ಲೆಯಲ್ಲಿಯೇ ಆರಂಭಿಸೋಣ. ಕೃಷ್ಣರಾಜಪೇಟೆ ತಾಲ್ಲೂಕಿನ ಗೋವಿಂದನಹಳ್ಳಿಯಲ್ಲಿ ಹೊಯ್ಸಳರ ಕಾಲದ ಪಂಚಲಿಂಗೇಶ್ವರ ದೇವಾಲಯವಿದೆ. ಪ್ರವಾಸಕ್ಕೆ ನಿಮ್ಮಲ್ಲಿ ಹಲವರನ್ನು ಅಲ್ಲಿಗೆ ಕರೆದೊಯ್ದಿದ್ದೆ. ಅಲ್ಲಿಯ ದ್ವಾರಪಾಲಕ ವಿಗ್ರಹದಲ್ಲಿ ರೂವಾರಿ ಮಲ್ಲಿತಮ್ಮನ ಹೆಸರು ಕೆತ್ತಿದೆ. ಅದೇ ಹೆಸರು ಸೋಮನಾಥಪುರದ ಅನೇಕ ವಿಗ್ರಹಗಳ ಕೆಳಗೂ ಕಾಣುತ್ತದೆ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ ತಮ್ಮ ಹೆಸರುಗಳನ್ನು ಉಳಿಸಿದ್ದಾರೆ. ಭಾರತದ ಬೇರೆ ಅನೇಕ ಕಡೆ ಶಿಲ್ಪಿಗಳು ಹೆಸರಿಲ್ಲದೆ ಮರೆಯಾದ ಕಾಲದಲ್ಲಿ ನಮ್ಮ ನಾಡಿನ ರೂವಾರಿ ‘ಇದು ನನ್ನ ಕೆಲಸ’ ಎಂದು ಕಲ್ಲಿನ ಮೇಲೆಯೇ ಹೇಳಿದ. ಇದನ್ನು ನಾನು ತರಗತಿಯಲ್ಲಿ ಬಹಳ ಹೆಮ್ಮೆಯಿಂದ ಹೇಳುತ್ತಿದ್ದೆ. ಆದರೆ ಆ ಕೆಲಸಕ್ಕೆ ಅವನಿಗೆ ಎಷ್ಟು ಗದ್ಯಾಣ ಸಂದಿತು, ಆ ಮೊತ್ತವನ್ನು ನಿಗದಿ ಮಾಡಿದವರು ಯಾರು ಎಂಬುದನ್ನು ಹೆಸರಿನ ಆ ಪುಟ್ಟ ಬರಹ ತಿಳಿಸುವುದಿಲ್ಲ. ಹೆಸರು ಅವನದು, ಬೆಲೆಯ ಮಾತು ಮಾತ್ರ ಕಟ್ಟಿಸಿದವನದು.

ಶ್ರೀರಂಗಪಟ್ಟಣಕ್ಕೆ ಬಂದರೆ ಹೆಸರೂ ಇಲ್ಲ. ೧೭೮೪ರಲ್ಲಿ ಟಿಪ್ಪು ಸುಲ್ತಾನ್ ಕಟ್ಟಿಸಿದ ದರಿಯಾ ದೌಲತ್ ಬಾಗ್‌ನ ಗೋಡೆಗಳನ್ನು ನೋಡಿದವರಿಗೆ ೧೭೮೦ರ ಪೊಲ್ಲಿಲೂರು ಯುದ್ಧದ ಆ ದೊಡ್ಡ ಚಿತ್ರ ಮರೆಯುವುದುಂಟೆ? ಆನೆ, ಕುದುರೆ, ಸಿಡಿಮದ್ದಿನ ಬಂಡಿ, ಪಲ್ಲಕ್ಕಿಯಲ್ಲಿ ಕುಳಿತ ಕರ್ನಲ್ ಬೈಲಿ, ಎಲ್ಲರ ಗುರುತೂ ಸಿಗುತ್ತದೆ. ಅದನ್ನು ಬರೆದ ಕೈಗಳ ಗುರುತು ಮಾತ್ರ ಸಿಗುವುದಿಲ್ಲ.

೧೭೯೯ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಐದು ವರ್ಷದ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟವಾಯಿತು. ೧೮೩೧ರಲ್ಲಿ ಬ್ರಿಟಿಷರು ಆಡಳಿತವನ್ನು ಕಸಿದುಕೊಂಡರು. ರಾಜ್ಯಭಾರ ತಪ್ಪಿದ ದೊರೆ ಮನಸ್ಸನ್ನು ವಿದ್ಯೆ, ಕಲೆಗಳಿಗೆ ತೆತ್ತುಕೊಂಡರು. ಮೈಸೂರು ಶೈಲಿಯ ಚಿತ್ರಕಲೆ ಅರಳಿದ್ದು ಅವರ ಆಶ್ರಯದಲ್ಲಿ. ಹುಣಸೆ ಕಡ್ಡಿಯನ್ನು ಸುಟ್ಟ ಇದ್ದಿಲಿನಿಂದ ರೇಖೆ ಎಳೆದು, ಅಳಿಲಿನ ಕೂದಲಿನ ಕುಂಚದಿಂದ ಬಣ್ಣ ತುಂಬಿ, ಉಬ್ಬುಗೆಲಸದ ಮೇಲೆ ಚಿನ್ನದ ರೇಕು ಅಂಟಿಸಿ ಬರೆದ ಆ ಚಿತ್ರಗಳು, ‘ಶ್ರೀತತ್ತ್ವನಿಧಿ’ಯ ದೇವತಾರೂಪಗಳು, ೧೮೬೧ರ ಜಗನ್ಮೋಹನ ಅರಮನೆಯ ಭಿತ್ತಿಚಿತ್ರಗಳು ಇಂದಿಗೂ ನಮ್ಮ ನಾಡಿನ ಆಸ್ತಿ. ಆದರೆ ೧೮೬೮ರಲ್ಲಿ ದೊರೆ ತೀರಿಕೊಂಡರು. ಆಶ್ರಯ ಕುಗ್ಗಿತು. ತಲೆಮಾರುಗಳಿಂದ ಕುಂಚ ಹಿಡಿದಿದ್ದ ಚಿತ್ರಗಾರರ ಮನೆಗಳಲ್ಲಿ ಹಲವು ಬೇರೆ ಕಸುಬು ಹಿಡಿದವು. ಕಲೆ ಕುಂದಿದ್ದರಿಂದ ಹಾಗಾಗಲಿಲ್ಲ, ಕೊಳ್ಳುವವನು ಒಬ್ಬನೇ ಆಗಿದ್ದುದರಿಂದ ಹಾಗಾಯಿತು. ಒಂದೇ ಮರವನ್ನು ನೆಚ್ಚಿದ ಬಳ್ಳಿಗೆ ಮರ ಬಿದ್ದ ದಿನವೇ ಬಿಸಿಲು.

ಇದಕ್ಕೆ ಇನ್ನೊಂದು ಉದಾಹರಣೆ ಕೆ. ವೆಂಕಟಪ್ಪನವರು. ೧೮೮೬ರಲ್ಲಿ ಅರಮನೆಯ ಚಿತ್ರಗಾರರ ಮನೆತನದಲ್ಲಿ ಹುಟ್ಟಿದವರು. ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರಾಗಿದ್ದರು. ಊಟಿಯ ಮಂಜು, ಬೆಳಕುಗಳನ್ನು ಜಲವರ್ಣದಲ್ಲಿ ಅವರಂತೆ ಹಿಡಿದವರು ವಿರಳ. ನಾಲ್ವಡಿ ಕೃಷ್ಣರಾಜ ಒಡೆಯರ ಪೋಷಣೆಯಲ್ಲಿ ಅರಮನೆಗೆ ಉಬ್ಬುಶಿಲ್ಪಗಳನ್ನು ಮಾಡಿದರು. ೧೯೪೦ರಲ್ಲಿ ನಾಲ್ವಡಿಯವರು ಕಾಲವಾದಾಗ ಅರಮನೆಯ ನಂಟು ಕಡಿದು ಬೆಂಗಳೂರಿಗೆ ಬಂದು ನೆಲೆಸಬೇಕಾಯಿತು. ೧೯೬೫ರಲ್ಲಿ ತೀರಿಕೊಂಡರು. ಕಸ್ತೂರಬಾ ರಸ್ತೆಯ ಚಿತ್ರಶಾಲೆಗೆ ಇಂದು ಅವರ ಹೆಸರೇ ಇದೆ. ಅಂಥ ಪ್ರತಿಭೆಗೂ ಒಬ್ಬ ದೊರೆಯ ಆಯುಸ್ಸೇ ಆಸರೆಯಾಗಿತ್ತೆಂಬುದು ಯೋಚಿಸತಕ್ಕ ಸಂಗತಿ.

ಒಬ್ಬ ದೊರೆಯ ಬದಲು ಸಾವಿರ ಮನೆಗಳಿಗೆ ಚಿತ್ರವನ್ನು ತಲುಪಿಸುವ ಯೋಚನೆಯನ್ನು ದೊಡ್ಡದಾಗಿ ಕಾರ್ಯಕ್ಕೆ ತಂದವರು ರಾಜಾ ರವಿವರ್ಮ. ೧೮೮೫ರಲ್ಲಿ ಚಾಮರಾಜೇಂದ್ರ ಒಡೆಯರ ಆಹ್ವಾನದ ಮೇಲೆ ಮೈಸೂರಿಗೂ ಬಂದಿದ್ದವರು. ಅವರ ಚಿತ್ರಗಳನ್ನು ಜಗನ್ಮೋಹನದಲ್ಲಿ ನೀವು ನೋಡಿದ್ದೀರಿ. ೧೮೯೪ರಲ್ಲಿ ಅವರು ಮುಂಬಯಿಯಲ್ಲಿ ಕಲ್ಲಚ್ಚಿನ ಮುದ್ರಣಾಲಯ ತೆರೆದರು. ಲಕ್ಷ್ಮಿ, ಸರಸ್ವತಿಯರು ಅರಮನೆಯ ಗೋಡೆಯಿಂದಿಳಿದು ಗುಡಿಸಲಿನ ಗೋಡೆಗೆ ಬಂದರು. ಆದರೆ ವ್ಯವಹಾರ ಕೈಹಿಡಿಯಲಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮುದ್ರಣಾಲಯವನ್ನು ಅಲ್ಲಿಯೇ ಕೆಲಸಕ್ಕಿದ್ದ ಜರ್ಮನ್ ತಂತ್ರಜ್ಞ ಷ್ಲೈಷರ್ ಅವರಿಗೆ ಮಾರಿಬಿಟ್ಟರು. ೧೯೦೬ರಲ್ಲಿ ರವಿವರ್ಮರು ತೀರಿಕೊಂಡ ಮೇಲೆಯೂ ಪಟಗಳು ಅಚ್ಚಾಗುತ್ತಲೇ ಇದ್ದವು. ವೈರಮುಡಿ ಜಾತ್ರೆಯಲ್ಲಿ ನನ್ನ ಅಜ್ಜ ಕೊಂಡ ಅಚ್ಚಿನ ಪಟಗಳು ಆ ಪರಂಪರೆಯ ಮೊಮ್ಮಕ್ಕಳೇ. ಚಿತ್ರ ಮನೆಮನೆಗೆ ಬಂತು, ಚಿತ್ರಗಾರ ಬರಲಿಲ್ಲ.

ಸ್ವಾತಂತ್ರ್ಯಾನಂತರ ನಗರಗಳಲ್ಲಿ ಕಲಾ ಗ್ಯಾಲರಿಗಳು ಬೆಳೆದವು. ಗ್ಯಾಲರಿ ಎಂದರೆ ಚಿತ್ರಗಳನ್ನು ತೂಗುಹಾಕಿ, ಕೊಳ್ಳಬಲ್ಲವರನ್ನು ಕರೆಸಿ, ಮಾರಿಕೊಟ್ಟು, ಬೆಲೆಯಲ್ಲಿ ಪಾಲು ಹಿಡಿಯುವ ಅಂಗಡಿ. ಆ ಪಾಲು ಸಾಮಾನ್ಯವಾಗಿ ಮೂರನೆಯ ಒಂದರಿಂದ ಅರ್ಧದವರೆಗೂ ಇರುತ್ತದೆ. ಇದನ್ನು ಬರಿಯ ಸುಲಿಗೆ ಎನ್ನಲಾರೆ. ಬಾಡಿಗೆ, ದೀಪ, ಆಹ್ವಾನಪತ್ರ, ಕಲಾವಿದನ ಹೆಸರನ್ನು ವರ್ಷಗಟ್ಟಲೆ ಕಾಯ್ದು ಬೆಳೆಸುವ ಶ್ರಮ, ಇವೆಲ್ಲ ಅವರದು. ಆದರೆ ಆ ಗಾಜಿನ ಬಾಗಿಲನ್ನು ತಳ್ಳಿ ಒಳಗೆ ಹೋಗುವ ಧೈರ್ಯ ನಾಗಮಂಗಲದಿಂದ ಬಸ್ಸು ಹತ್ತಿ ಬಂದ ಹುಡುಗನಿಗೆ ಎಲ್ಲಿಂದ ಬರಬೇಕು? ಅವನೊಬ್ಬನಿಗೇ ಅಲ್ಲ, ಕೊಳ್ಳಬೇಕೆಂಬ ಆಸೆಯಿರುವ ಗುಮಾಸ್ತನಿಗೂ ಮೇಷ್ಟ್ರಿಗೂ ಆ ಬಾಗಿಲು ಭಾರವೇ.

ಆ ಬಾಗಿಲನ್ನೇ ತೆಗೆದು ಚಿತ್ರವನ್ನು ಬೀದಿಗೆ ತಂದದ್ದು ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತು. ೧೯೬೦ರಲ್ಲಿ ಸ್ಥಾಪಿತವಾಗಿ, ಎಂ. ಎಸ್. ನಂಜುಂಡರಾಯರ ದುಡಿಮೆಯಿಂದ ಬೆಳೆದ ಸಂಸ್ಥೆಯದು. ೨೦೦೦ದ ದಶಕದ ಮೊದಲ ವರ್ಷಗಳಲ್ಲಿ ಅದು ಚಿತ್ರಸಂತೆಯನ್ನು ಆರಂಭಿಸಿತು. ಸಾಮಾನ್ಯವಾಗಿ ಜನವರಿಯ ಮೊದಲ ಭಾನುವಾರ, ಒಂದೇ ದಿನ. ಕುಮಾರಕೃಪಾ ರಸ್ತೆಯಲ್ಲಿ ವಾಹನಗಳನ್ನು ನಿಲ್ಲಿಸಿ, ರಸ್ತೆಯ ಎರಡೂ ಬದಿಗೆ ಚಿತ್ರಗಳನ್ನು ಹರಡುತ್ತಾರೆ. ಕಲಾವಿದರು ಮುಂಚಿತವಾಗಿ ಅರ್ಜಿ ಹಾಕಿ ಜಾಗ ಪಡೆಯಬೇಕು. ಬರೆದವನೇ ಮಾರುತ್ತಾನೆ, ಬೆಲೆಯನ್ನು ಅವನೇ ಹೇಳುತ್ತಾನೆ. ನೂರು ರೂಪಾಯಿಯ ಪುಟ್ಟ ಚಿತ್ರವೂ ಅಲ್ಲಿದೆ, ಲಕ್ಷದ್ದೂ ಇದೆ. ಕೋವಿಡ್ ಕಾಲದಲ್ಲಿ, ೨೦೨೧ರಲ್ಲಿ, ಸಂತೆಯನ್ನು ಅಂತರಜಾಲದ ಮೇಲೆ ನಡೆಸಿದರೇ ಹೊರತು ನಿಲ್ಲಿಸಲಿಲ್ಲ. ೨೦೨೫ರ ಜನವರಿ ೫ರಂದು ನಡೆದದ್ದು ೨೨ನೆಯದು. ಅದನ್ನು ಹೆಣ್ಣುಮಕ್ಕಳಿಗೆ ಅರ್ಪಿಸಲಾಗಿತ್ತು.

ಸಂತೆ ಎಂಬ ಪದವನ್ನು ಆರಿಸಿದವರ ವಿವೇಕವನ್ನು ನಾನು ಮೆಚ್ಚಿದೆ. ಸಂತೆಯಲ್ಲಿ ಮಾರುವವನಿಗೆ ಬಾಯಿ ಇರಲೇಬೇಕು. ಮಲ್ಲಿತಮ್ಮನಿಗೆ ಹೆಸರಿತ್ತು, ಅರಮನೆಯ ಚಿತ್ರಗಾರನಿಗೆ ಅನ್ನವಿತ್ತು, ರವಿವರ್ಮರ ಪಟಕ್ಕೆ ಮನೆಮನೆಯ ಗೋಡೆಯಿತ್ತು. ಬೆಲೆ ಹೇಳುವ ಬಾಯಿ ಸಾಮಾನ್ಯ ಚಿತ್ರಗಾರನಿಗೆ ದೊರೆತದ್ದು ಇಂಥ ಸಂತೆಗಳಲ್ಲಿ.

ಇಲ್ಲಿಯವರೆಗೆ ಬರೆದದ್ದು ಪಾಠ. ಇನ್ನು ಮುಂದಿನದು ನನ್ನ ತಪ್ಪೊಪ್ಪಿಗೆ.

ನಾನು ಕೆಲಸಕ್ಕೆ ಸೇರಿದ ಪ್ರೌಢಶಾಲೆಯಲ್ಲಿ ಒಬ್ಬರು ಡ್ರಾಯಿಂಗ್ ಮೇಷ್ಟ್ರಿದ್ದರು. ನನಗಿಂತ ಹಿರಿಯರು, ಮಿತಭಾಷಿಗಳು. ವಾರ್ಷಿಕೋತ್ಸವ ಬಂತೆಂದರೆ ರಂಗದ ಹಿಂಪರದೆ ಅವರದು. ವಿಜ್ಞಾನ ಮೇಳದ ಪಟಗಳು ಅವರವು. ನನ್ನ ಇತಿಹಾಸದ ತರಗತಿಗೆ ಅಶೋಕನ ಸಾಮ್ರಾಜ್ಯದ ಭೂಪಟವನ್ನೂ ವಿಜಯನಗರದ ಭೂಪಟವನ್ನೂ ಬಟ್ಟೆಯ ಮೇಲೆ ಬರೆದುಕೊಟ್ಟವರೂ ಅವರೇ. ಊರಿನ ರಥಕ್ಕೆ ಬಣ್ಣ, ಸೊಸೈಟಿಗೆ ಬೋರ್ಡು, ಮದುವೆಮನೆಗೆ ಚಪ್ಪರದ ಹೆಸರುಹಲಗೆ, ಎಲ್ಲದಕ್ಕೂ ಜನ ಅವರ ಮನೆಗೇ ಹೋಗುತ್ತಿದ್ದರು. ದುಡ್ಡು? “ಮೇಷ್ಟ್ರಿಗೇನು, ಕೈಯಾಡಿಸಿದರೆ ಆಯ್ತು” ಎನ್ನುತ್ತಿದ್ದರು. ಹೆಚ್ಚೆಂದರೆ ಒಂದು ಸೇರು ಕಡಲೆಕಾಯಿ, ಎರಡು ತೆಂಗಿನಕಾಯಿ. ಬಣ್ಣದ ಡಬ್ಬಿಯ ಖರ್ಚೂ ಎಷ್ಟೋ ಸಲ ಅವರ ಸಂಬಳದಿಂದಲೇ ಹೋಗುತ್ತಿತ್ತು.

ನಾನು ೧೯೯೧ರಲ್ಲಿ ಮನೆ ಕಟ್ಟಿಸಿ ಗೃಹಪ್ರವೇಶ ಮಾಡಿದಾಗ, “ಮೇಷ್ಟ್ರೇ, ನಡುಮನೆಗೆ ಒಂದು ಚಿತ್ರ ಬರೆದುಕೊಡಿ” ಎಂದೆ. ಕೇಳುವಾಗ ಸಂಕೋಚವೂ ಆಗಲಿಲ್ಲ. ಎರಡು ತಿಂಗಳ ಮೇಲೆ ಸೈಕಲ್ಲಿನ ಹಿಂದೆ ಹಳೆಯ ಸೀರೆಯಲ್ಲಿ ಸುತ್ತಿ ತಂದರು. ನಮ್ಮ ಕೆರೆಯ ಏರಿ, ಸಂಜೆಯ ಹೊತ್ತು, ದನ ಹೊಡೆದುಕೊಂಡು ಬರುವ ಹೆಂಗಸು. ಊಟಕ್ಕೆ ಕೂರಿಸಿ, ಹೋಳಿಗೆ ಬಡಿಸಿ, ಶಾಲು ಹೊದಿಸಿ ಕಳಿಸಿದೆವು. ಗಾರೆಯವನಿಗೆ, ಬಡಗಿಗೆ, ಸುಣ್ಣ ಬಳಿದವನಿಗೆ ಪೈಸೆ ಪೈಸೆ ಲೆಕ್ಕ ಮಾಡಿ ಕೂಲಿ ಕೊಟ್ಟ ನಾನು, ಎರಡು ತಿಂಗಳ ರಾತ್ರಿಗಳನ್ನು ಸವೆಸಿ ಚಿತ್ರ ಬರೆದವರಿಗೆ ಶಾಲು ಹೊದಿಸಿದೆ. ಅವರು ಕೇಳಲಿಲ್ಲ, ನಾನು ಕೊಡಲಿಲ್ಲ. ಈಗ ಅವರಿಲ್ಲ.

ಈ ಭಾರವನ್ನು ಹೊತ್ತುಕೊಂಡೇ ನಾನು ಕುಮಾರಕೃಪಾ ರಸ್ತೆಗೆ ಹೋದೆ. ಕಾಲಿಡಲು ಜಾಗವಿಲ್ಲದಷ್ಟು ಜನ. ನಮ್ಮ ಹುಡುಗ (ಹುಡುಗನೇನು, ನಲವತ್ತೇಳರ ಗೃಹಸ್ಥ) ಒಂದು ಮರದ ಕೆಳಗೆ ಹನ್ನೆರಡು ಚಿತ್ರಗಳನ್ನು ಒರಗಿಸಿಕೊಂಡು ನಿಂತಿದ್ದ. ಹೆಂಡತಿ ಬುತ್ತಿ ಹಿಡಿದು ಪಕ್ಕದಲ್ಲಿ ಕುಳಿತಿದ್ದಳು. ಅವನ ಕಥೆಯನ್ನು ಅಲ್ಲಿಯೇ ಕೇಳಿದೆ. ಎಸ್ಸೆಸ್ಸೆಲ್ಸಿಯ ನಂತರ ಮಂಡ್ಯದಲ್ಲಿ ಬೋರ್ಡು ಬರೆಯುವ ಕೆಲಸಕ್ಕೆ ಸೇರಿದ್ದ. ಲಾರಿಗಳ ಹಿಂದೆ, ಅಂಗಡಿಗಳ ಮೇಲೆ, ಚುನಾವಣೆಯ ಗೋಡೆಗಳ ಮೇಲೆ ಬರೆದು ಸಂಸಾರ ನಡೆಸುತ್ತಿದ್ದ. ೨೦೦೦ದ ದಶಕದಲ್ಲಿ ಫ್ಲೆಕ್ಸ್ ಬಂದು, ಒಂದು ದಿನದ ಕೆಲಸವನ್ನು ಯಂತ್ರ ಹತ್ತು ನಿಮಿಷದಲ್ಲಿ ಮುಗಿಸತೊಡಗಿದಾಗ ಬೀದಿಗೆ ಬಿದ್ದ. ಆಮೇಲೆ ಮೈಸೂರಿನ ಹಿರಿಯರೊಬ್ಬರ ಬಳಿ ಸಾಂಪ್ರದಾಯಿಕ ಶೈಲಿ ಕಲಿತ. ಒಮ್ಮೆ ಒಬ್ಬ ಅಂಗಡಿಯವನು ಅವನ ಚಿತ್ರವನ್ನು ಎರಡು ಸಾವಿರಕ್ಕೆ ಕೊಂಡು, ಅವನ ಕಣ್ಣೆದುರೇ ಒಂಬತ್ತು ಸಾವಿರಕ್ಕೆ ಮಾರಿದನಂತೆ. ಅಂದಿನಿಂದ ತನ್ನದನ್ನು ತಾನೇ ಮಾರುತ್ತಿದ್ದಾನೆ. ಫೋನಿನಲ್ಲಿ ಚಿತ್ರ ತೆಗೆದು ಇನ್‌ಸ್ಟಾಗ್ರಾಂನಲ್ಲಿ ಹಾಕುತ್ತಾನೆ, ವಾಟ್ಸಾಪ್‌ನಲ್ಲಿ ಬೆಲೆ ಹೇಳುತ್ತಾನೆ, ಕೊರಿಯರ್‌ನಲ್ಲಿ ಕಳಿಸುತ್ತಾನೆ.

“ಬರೆಯೋದು ಕಷ್ಟ ಅಲ್ಲ ಸಾರ್, ಬೆಲೆ ಹೇಳೋದು ಕಷ್ಟ. ಮೊದ್‌ಮೊದ್ಲು ಬಾಯೇ ಬರ್ತಿರ್ಲಿಲ್ಲ. ಜಾಸ್ತಿ ಹೇಳುದ್ರೆ ಏನಂದ್ಕತಾರೋ ಅಂತ ಅರ್ಧಕ್ಕೇ ಕೊಟ್ಬುಡ್ತಿದ್ದೆ” ಎಂದ. ಈಗ ಪ್ರತಿ ಚಿತ್ರಕ್ಕೂ ಒಂದು ಪುಸ್ತಕದಲ್ಲಿ ಲೆಕ್ಕ ಬರೆದಿಡುತ್ತಾನೆ. ಹಲಗೆ, ಬಣ್ಣ, ಚಿನ್ನದ ರೇಕು, ಕಟ್ಟು, ದಿನಕ್ಕೆ ಇಷ್ಟೆಂದು ಕೂಲಿ. ಆ ಪುಸ್ತಕವನ್ನು ತೋರಿಸಿದ. ಅಕ್ಷರ ಮೊದಲಿನಂತೆಯೇ ಮುದ್ದಾಗಿತ್ತು.

ನಾವು ಮಾತಾಡುತ್ತಿದ್ದಾಗ ಕೊಳ್ಳಲು ಬಂದವರೊಬ್ಬರು ಚೌಕಾಸಿಗೆ ನಿಂತರು. ಹೊಸಹೊಳಲಿನ ದೇವಾಲಯದ ಚಿತ್ರಕ್ಕೆ ಅವನು ಆರು ಸಾವಿರ ಹೇಳಿದ್ದ. ಅವರು ಮೂರು ಎಂದರು. ಅವನು ಸಿಟ್ಟಾಗಲಿಲ್ಲ. “ಇಪ್ಪತ್ತೊಂದು ದಿನ ಕೂತಿದ್ದೀನಿ ಸ್ವಾಮಿ. ನಿಮ್ಮ ಮನೇಲಿ ಗಾರೆಯೋರು ಇಪ್ಪತ್ತೊಂದು ದಿನ ಬಂದ್ರೆ ಎಷ್ಟ್ ಕೊಡ್ತೀರಾ, ಅಷ್ಟು ಬೇಡ, ಆರು ಕೊಡಿ” ಎಂದ. ಅವರು ನಕ್ಕು ಮುಂದೆ ಹೋದರು. ಗಾರೆಯವನ ಮಾತು ಕೇಳಿ ನನ್ನ ಮುಖಕ್ಕೆ ರಕ್ತ ನುಗ್ಗಿತು. ಅವನಿಗೇನು ಗೊತ್ತು ನನ್ನ ಗೃಹಪ್ರವೇಶದ ವಿಷಯ!

ಆ ಚಿತ್ರ ನನಗೆ ಹಿಡಿಸಿತ್ತು. ಎತ್ತಿಕೊಂಡೆ. ಅವನು ತಕ್ಷಣ, “ನಿಮ್ ಕೈಲಿ ದುಡ್ಡು ಈಸ್ಕೊಳ್ಳಾದಾ ಸಾರ್? ತಗೊಂಡೋಗಿ, ಗುರುದಕ್ಷಿಣೆ” ಎಂದ. ನಾನು ಆರು ಸಾವಿರವನ್ನು ಎಣಿಸಿ ಅವನ ಕೈಗಿಟ್ಟೆ. ಬೇಡವೆಂದ. “ನಾನು ಇವತ್ತು ಮೇಷ್ಟ್ರಾಗಿ ಬಂದಿಲ್ಲಪ್ಪ, ಸಂತೆಗೆ ಬಂದಿದ್ದೇನೆ” ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ದುಡ್ಡನ್ನು ಹೆಂಡತಿಗೆ ಕೊಟ್ಟ. ಚಿತ್ರದ ಹಿಂಬದಿಯಲ್ಲಿ ಹೆಸರು, ತಾರೀಖು ಬರೆದು ಸಹಿ ಹಾಕಿ, ರಸೀತಿಯನ್ನೂ ಕೊಟ್ಟ. ತೊಂಬತ್ತನಾಲ್ಕರ ಪ್ರಶ್ನೆಯನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಬುತ್ತಿಯಲ್ಲಿದ್ದ ಚಿತ್ರಾನ್ನವನ್ನು ಮೂವರೂ ಹಂಚಿಕೊಂಡು ತಿಂದೆವು.

ಮನೆಗೆ ಬಂದವನು ಮೊದಲು ಮಾಡಿದ ಕೆಲಸವೆಂದರೆ ನಡುಮನೆಯ ಕೆರೆಯೇರಿಯ ಚಿತ್ರವನ್ನು ಗೋಡೆಯಿಂದ ಇಳಿಸಿದ್ದು. ಮುಂದೆ ನೋಡಿದೆ, ಹಿಂದೆ ನೋಡಿದೆ. ಡ್ರಾಯಿಂಗ್ ಮೇಷ್ಟ್ರ ಹೆಸರು ಎಲ್ಲಿಯೂ ಇರಲಿಲ್ಲ. ಮೂವತ್ತಮೂರು ವರ್ಷ ಅದರ ಕೆಳಗೆ ಕುಳಿತು ಪತ್ರಿಕೆ ಓದಿದ್ದೇನೆ. ಒಂದು ದಿನವಾದರೂ ಅದನ್ನು ಗಮನಿಸಿರಲಿಲ್ಲ. ದರಿಯಾ ದೌಲತ್‌ನ ಗೋಡೆಯಲ್ಲಿ ಹೆಸರಿಲ್ಲವೆಂದು ಮಕ್ಕಳ ಮುಂದೆ ಮರುಗುತ್ತಿದ್ದ ಮೇಷ್ಟ್ರ ಮನೆಯ ಗೋಡೆಯ ಸ್ಥಿತಿ ಇದು. ಮರುವಾರ ಅವರ ಮಗನ ಮನೆಗೆ ಹೋದೆ. ಹೋದ ಕಾರಣ ಹೇಳಿ ಒಂದು ಲಕೋಟೆ ಮುಂದಿಟ್ಟೆ. ಆತ ಬಹಳ ಹೊತ್ತು ಅದನ್ನು ಮುಟ್ಟಲಿಲ್ಲ. ಕೊನೆಗೆ, “ಅಪ್ಪನ ಚಿತ್ರಕ್ಕೆ ಅಂತ ನಮ್ಮನೆಗೆ ಬಂದ ಮೊದಲ್ನೇ ದುಡ್ಡು ಇದು ಸಾರ್” ಎಂದ. ನನಗೆ ಆಡಲು ಮಾತಿರಲಿಲ್ಲ.

ನಿಮ್ಮಲ್ಲಿ ಹಲವರ ಮನೆಗಳಲ್ಲಿ ಈಗ ಚಿತ್ರ ಬರೆಯುವ ಮಕ್ಕಳಿದ್ದಾರೆ. ಆದ್ದರಿಂದ ಎರಡು ವ್ಯಾವಹಾರಿಕ ಸಂಗತಿಗಳನ್ನು ತಿಳಿಸುತ್ತೇನೆ. ನಮ್ಮ ೧೯೫೭ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ, ತಾನಾಗಿಯೇ ಬರೆದ ಚಿತ್ರವನ್ನು ಕಲಾವಿದ ಮಾರಿದ ಮಾತ್ರಕ್ಕೆ ಅದರ ಕೃತಿಸ್ವಾಮ್ಯ ಕೊಂಡವನಿಗೆ ಹೋಗುವುದಿಲ್ಲ. ಬರಹದಲ್ಲಿ ಬಿಟ್ಟುಕೊಟ್ಟರೆ ಮಾತ್ರ ಹೋಗುತ್ತದೆ. ಆದ್ದರಿಂದ ಕೊಂಡ ಚಿತ್ರವನ್ನು ಕ್ಯಾಲೆಂಡರಿಗೋ ಪುಸ್ತಕದ ಹೊದಿಕೆಗೋ ಕೇಳದೆ ಅಚ್ಚು ಹಾಕುವಂತಿಲ್ಲ. ಎರಡನೆಯದು, ಮೂಲಚಿತ್ರ ಮುಂದೆ ಹತ್ತು ಸಾವಿರಕ್ಕೂ ಮೀರಿದ ಬೆಲೆಗೆ ಮರುಮಾರಾಟವಾದರೆ ಅದರಲ್ಲಿ ಬರೆದವನಿಗೂ ಪಾಲುಂಟೆಂದು ಅದೇ ಕಾಯಿದೆ ಹೇಳುತ್ತದೆ. ಆ ಪಾಲು ನೂರಕ್ಕೆ ಹತ್ತನ್ನು ಮೀರುವಂತಿಲ್ಲ. ಇವನ್ನೆಲ್ಲ ಕೇಳಿ ಪಡೆಯುವುದು ಸುಲಭವಲ್ಲ, ಆದರೆ ತಿಳಿದಿರಬೇಕು. ಹೆಸರು, ತಾರೀಖು, ರಸೀತಿ, ಈ ಮೂರನ್ನು ಎಂದೂ ಬಿಡಬೇಡಿರೆಂದು ಮಕ್ಕಳಿಗೆ ಹೇಳಿ.

ಉಳಿದದ್ದು ನಮ್ಮ ಕಡೆಯ ಕೆಲಸ. ನೆಂಟರ ಹುಡುಗಿ ಚಿತ್ರ ಬರೆಯುತ್ತಾಳೆಂದರೆ “ನಮಗೂ ಒಂದು ಬರೆದುಕೊಡಮ್ಮ” ಎನ್ನುವ ಮೊದಲು “ಎಷ್ಟಮ್ಮಾ?” ಎಂದು ಕೇಳಿ. ಅವಳು ಸಂಕೋಚಪಟ್ಟರೆ ಇನ್ನೊಮ್ಮೆ ಕೇಳಿ.

ಈಗ ನಮ್ಮ ನಡುಮನೆಯಲ್ಲಿ ಎರಡು ಚಿತ್ರಗಳು ಅಕ್ಕಪಕ್ಕದಲ್ಲಿವೆ. ಕೆರೆಯೇರಿಯ ಚಿತ್ರದ ಹಿಂದೆ ಡ್ರಾಯಿಂಗ್ ಮೇಷ್ಟ್ರ ಹೆಸರನ್ನೂ ೧೯೯೧ ಎಂಬ ಇಸವಿಯನ್ನೂ ನನ್ನ ಕೈಬರಹದಲ್ಲಿಯೇ ಬರೆದಿದ್ದೇನೆ. ಅವರ ಸಹಿ ಅಲ್ಲಿಲ್ಲ. ಆ ಕಡೆ ಬಂದಾಗ ಮನೆಗೆ ಬನ್ನಿ, ತೋರಿಸುತ್ತೇನೆ.